ಮುಕ್ಕಾಲು ಅನ್ನದ ಮಾಮಾ

ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ಹೇಳಿದವಳು ನಾನು. ಆ ಒಂದು ಮಾತಿನಿಂದ ಚಿಕ್ಕೋಡಿಯ ನಮ್ಮ ಕಾಲೇಜಿನಲ್ಲಿ ಅವರನ್ನು ಮೀನಿನ ತೊಟ್ಟಿಗಳ ಕೆಲಸದಿಂದ ತೆಗೆದು ಗೇಟಿನ ಬಳಿ ಕೂರಿಸಿದರು. ಕಳೆದ ಶ್ರಾವಣದಲ್ಲಿ ಅವರು ತೀರಿಹೋದರು. ನಿಜಕ್ಕೂ ಅವರು ಸುಳ್ಳು ಹೇಳಿದ್ದರೇ ಎಂಬುದನ್ನು ತೀರ್ಮಾನಿಸದೆ ಅವರ ಬಗ್ಗೆ ಒಂದು ಒಳ್ಳೆಯ ಮಾತು ಬರೆಯುವ ಹಕ್ಕೂ ನನಗಿಲ್ಲ.

ಬರೆಯಲು ಹೇಳಿದವಳು ನಿಪ್ಪಾಣಿಯ ಗೆಳತಿ. ಆಗ ನನ್ನ ಜೊತೆ ಅದೇ ಪ್ರಾಣಿಶಾಸ್ತ್ರ ವಿಭಾಗದಲ್ಲಿದ್ದಳು, ಈಗಲೂ ಅಲ್ಲೇ ಪಾಠ ಮಾಡುತ್ತಾಳೆ. "ಕಾಲೇಜಿನ ಸ್ಮರಣ ಸಂಚಿಕಿ ತರಾಕತ್ತೀವಿ. ಮಾಮಾನ ಮ್ಯಾಲ ಎರಡ ಪುಟ ಬರದ ಕೊಡು. ನೀ ಡೈರಿ ಬರೆಯಾಕಿ, ನಿನಗ ಎಲ್ಲಾ ನೆನಪ ಇರತೈತಿ" ಎಂದು ಫೋನಿನಲ್ಲಿ ಹೇಳಿದಳು.

ಡೈರಿ ಬರೆಯುವವರಿಗೆ ಎಲ್ಲ ನೆನಪಿರುತ್ತದೆ ಎಂಬುದು ಡೈರಿ ಬರೆಯದವರ ನಂಬಿಕೆ. ಅವರನ್ನು ತೊಟ್ಟಿಯಿಂದ ತೆಗೆದ ದಿನ ಸಣ್ಣ ಮಳೆ ಹನಿಯುತ್ತಿತ್ತು ಎಂದು ಇಷ್ಟು ವರ್ಷ ನಾನು ನಂಬಿದ್ದೆ. ಡೈರಿ ತೆಗೆದು ನೋಡಿದರೆ ಆ ದಿನ 'ಸೆಕೆ. ಕರೆಂಟಿಲ್ಲ' ಎಂದಿದೆ. ಮಳೆಯನ್ನು ನಾನೇ ಸುರಿಸಿಕೊಂಡಿದ್ದೆ. ಹಾಗಾಗಿ ಇಲ್ಲಿ ಡೈರಿಯಲ್ಲಿ ಇಲ್ಲದ್ದನ್ನು ಇಲ್ಲ ಎಂದೇ ಹೇಳುತ್ತೇನೆ. ಓದುವವರು ನನ್ನನ್ನು ಸ್ವಲ್ಪ ಅನುಮಾನದಿಂದಲೇ ಓದಲಿ.

ನಾನು ತುಮಕೂರಿನ ಕಡೆಯವಳು. ಎಂ.ಎಸ್ಸಿ. ಮುಗಿಸಿ ಒಂದು ಸಣ್ಣ ಯೋಜನೆಗೆ ಸಹಾಯಕಿಯಾಗಿ ಚಿಕ್ಕೋಡಿಗೆ ಬಂದೆ. ನದಿಗಳಲ್ಲಿ ಕೆಲವರು ಬ್ಯಾಟರಿ ಪೆಟ್ಟಿಗೆ ಹೊತ್ತು ನೀರಿಗೆ ಕರೆಂಟು ಬಿಟ್ಟು ಮೀನು ಹಿಡಿಯುತ್ತಾರೆ. ಕಾನೂನು ಒಪ್ಪುವುದಿಲ್ಲ, ಆದರೂ ಹಿಡಿಯುತ್ತಾರೆ. ದೊಡ್ಡ ಮೀನುಗಳು ಸೆಟೆದು ತೇಲುತ್ತವೆ, ಬಲೆಗೆ ಸಿಗುತ್ತವೆ. ಬೆರಳುದ್ದದ ಮರಿಗಳು ಒಂದು ಗಳಿಗೆ ಹೊಟ್ಟೆ ಮೇಲಾಗಿ ಮಗುಚಿ, ಮತ್ತೆ ಈಜಿಕೊಂಡು ಹೋಗುತ್ತವೆ. ಹಾಗೆ ಬದುಕಿ ಉಳಿದ ಮರಿ ಆಮೇಲೆ ಬೇರೆ ಮರಿಗಳಂತೆಯೇ ಬೆಳೆಯುತ್ತದೆಯೇ ಎಂಬುದು ನಮ್ಮ ವಿಭಾಗದ ಮುಖ್ಯಸ್ಥರು ಕೇಳಿಕೊಂಡ ಪ್ರಶ್ನೆ. ಕಾಲೇಜಿನ ಹಿಂದೆ ಎರಡು ಸಿಮೆಂಟಿನ ತೊಟ್ಟಿ ಕಟ್ಟಿಸಿ, ಎರಡರಲ್ಲೂ ಒಂದೇ ದಿನ ತಂದ ರೋಹು ಮರಿಗಳನ್ನು ಬಿಟ್ಟರು. ಒಂದು ತೊಟ್ಟಿಯ ಮರಿಗಳಿಗೆ ಮೊದಲೇ, ಮುಖ್ಯಸ್ಥರ ಕಣ್ಣೆದುರು, ಕೆಲವು ಸೆಕೆಂಡು ಕರೆಂಟು ತಾಗಿಸಿದ್ದಾಗಿತ್ತು. ಇನ್ನೊಂದು ತೊಟ್ಟಿಯವಕ್ಕೆ ಏನೂ ಇಲ್ಲ. ನಾಲ್ಕು ತಿಂಗಳು ಒಂದೇ ತೂಕದ ಮೇವು ಹಾಕಿ, ಪ್ರತಿ ಶನಿವಾರ ಅಳೆಯಬೇಕು. ನಾವು ಅವನ್ನು ಕರೆಂಟ್ ತೊಟ್ಟಿ, ಸಾದಾ ತೊಟ್ಟಿ ಎಂದು ಕರೆಯುತ್ತಿದ್ದೆವು.

ಮೀನು ಹಿಡಿದು ಅಳೆಯಲು ಒಬ್ಬರು ಬೇಕಿತ್ತು. ಯಡೂರಿನಿಂದ ಆಚೆ, ಕೃಷ್ಣೆಯ ದಂಡೆಯ ಒಂದು ಸಣ್ಣ ಊರಿನಿಂದ ಅವರನ್ನು ಕರೆಸಿದರು. ಅರವತ್ತರ ಹತ್ತಿರದ ಮನುಷ್ಯ, ಹುಟ್ಟಿನಿಂದ ಬಲೆ ಹಾಕಿದವರು. ಬಿಳಿ ಟೊಪ್ಪಿಗೆ, ಅದರ ಮಡಿಕೆಯೊಳಗೆ ತಂಬಾಕಿನ ಪುಡಿಕೆ. ಮೊದಲ ವಾರ ಅವರ ತಂಗಿಯ ಮಗ ಊಟದ ಡಬ್ಬಿ ಕೊಡಲು ಬಂದು, "ಮಾಮಾ ಎಲ್ಲದಾನ್ರಿ?" ಎಂದು ಇಡೀ ಕಾಲೇಜು ಕೇಳಿಕೊಂಡು ತಿರುಗಿದ. ಅಂದಿನಿಂದ ಪ್ರಾಚಾರ್ಯರ ಬಾಯಲ್ಲೂ ಅವರು ಮಾಮಾ ಆದರು.

ನನ್ನನ್ನು ಅವರು 'ಬಾಯಾರ' ಎಂದು ಕರೆಯುತ್ತಿದ್ದರು. ನಮ್ಮ ಕಡೆ ಯಾರೂ ಹಾಗೆ ಕರೆಯುವುದಿಲ್ಲ. ಅಣಕಿಸುತ್ತಿದ್ದಾರೆಂದು ಮೊದಲ ದಿನವೇ ಡೈರಿಯಲ್ಲಿ ಬರೆದಿದ್ದೇನೆ: 'ಮೀನಿನವನು ಅಧಿಕಪ್ರಸಂಗಿ.' ಇಲ್ಲಿ ಅದು ಟೀಚರಮ್ಮನಿಗೆ ಹೇಳುವ ಗೌರವದ ಮಾತು ಎಂದು ಗೆಳತಿ ಹೇಳಿದ ಮೇಲೂ ನಾನು ಆ ಸಾಲನ್ನು ಹೊಡೆದುಹಾಕಲಿಲ್ಲ. ಅನುಮಾನ ಅಲ್ಲಿಂದ ಶುರುವಾಯಿತು ಅನ್ನಿಸುತ್ತದೆ. ಮೀನಿನಿಂದ ಅಲ್ಲ, ಒಂದು ಶಬ್ದದಿಂದ.

ಅವರು ಮೀನು ಮುಟ್ಟುವ ರೀತಿ ಮಾತ್ರ ಅನುಮಾನಕ್ಕೆ ಸಿಗುವಂಥದ್ದಲ್ಲ. ಒಣಗಿದ ಕೈಯಿಂದ ಎಂದೂ ಮುಟ್ಟುತ್ತಿರಲಿಲ್ಲ. ಅಂಗೈಯನ್ನು ಅದೇ ತೊಟ್ಟಿಯ ನೀರಿನಲ್ಲಿ ಅದ್ದಿ, ಮರಿಯನ್ನು ಎತ್ತಿ, ಹೆಬ್ಬೆರಳನ್ನು ಅದರ ಕಣ್ಣಿನ ಮೇಲೆ ಮರೆಯಾಗಿ ಹಿಡಿಯುತ್ತಿದ್ದರು. ಮರಿ ಒದ್ದಾಡುವುದನ್ನು ನಿಲ್ಲಿಸುತ್ತಿತ್ತು.

"ಕಣ್ಣ ಮುಚ್ಚಿದ್ರ ಅದಕ್ಕ ತನ್ನ ನೀರಾಗ ಅದೀನಿ ಅಂತ ಅನಸತೈತ್ರಿ" ಎಂದರು ಒಮ್ಮೆ.

"ನಿಮಗೆ ಹೇಗೆ ಗೊತ್ತು, ಅದಕ್ಕೆ ಹಾಗೆ ಅನಿಸುತ್ತೆ ಅಂತ?"

"ಗೊತ್ತಿಲ್ರಿ. ಸುಮ್ಮಕಾಗತೈತಿ. ಅಷ್ಟ ಸಾಕಲ್ರಿ?"

ಅಳತೆಯ ಹಲಗೆಯನ್ನೂ ಅವರೇ ಮಾಡಿದ್ದರು. ನಡುವೆ ಕುಳಿ ಕೆತ್ತಿದ ಒಂದು ಮರದ ತುಂಡು, ಅಂಚಿಗೆ ಕಾದ ಸರಿಗೆಯಿಂದ ಸುಟ್ಟ ಗೆರೆಗಳು. ಮೀನುಮರಿ ಮಾರುವವರು ಇಂಚಿನಲ್ಲೇ ಮಾತಾಡುವುದರಿಂದ ಅವರ ಹಲಗೆಯೂ ಇಂಚಿನದು, ಇಂಚಿಗೆ ನಾಲ್ಕು ಭಾಗ. ಮುಖ್ಯಸ್ಥರು ಕಬ್ಬಿಣದ ಪಟ್ಟಿಯಿಂದ ತಾಳೆ ನೋಡಿ, ಸರಿಯಿದೆ ಎಂದು ಒಪ್ಪಿದ್ದರು. ಮಾಮಾ ಮರಿಯನ್ನು ಕುಳಿಯಲ್ಲಿ ಮಲಗಿಸಿ ಅಳತೆ ಕೂಗಬೇಕು, ನಾವು ರಿಜಿಸ್ಟರಿನಲ್ಲಿ ಬರೆದುಕೊಂಡು ಆಮೇಲೆ ಮಿಲಿಮೀಟರಿಗೆ ತಿರುಗಿಸಬೇಕು. ಸಾದಾ ತೊಟ್ಟಿಯ ಅಳತೆಯನ್ನು ಗೆಳತಿ ಬರೆದು ತನ್ನ ಕ್ಲಾಸಿಗೆ ಹೋಗುತ್ತಿದ್ದಳು. ಆಮೇಲೆ ಕರೆಂಟ್ ತೊಟ್ಟಿ, ಅದು ನನ್ನ ಪಾಲು.

"ಮೂರೂಕಾಲು. ಮೂರು. ಪಾವಣೆ ನಾಕು. ಮೂರೂವರಿ. ಪಾವಣೆ ನಾಕು. ಬರದ್ರಿ?"

"ಬರೆದೆ. ಮುಂದೆ."

ಹೀಗೆ ಅರ್ಧ ಗಂಟೆ. ನಡುನಡುವೆ ಮಾತು ಕೂಡ. ಮುಖ್ಯಸ್ಥರಿಗೆ ಅವರು ಕಟ್ಲಾ ಎಂದು ಹೆಸರಿಟ್ಟಿದ್ದರು. ಕಟ್ಲಾ ದೊಡ್ಡ ತಲೆಯ ಮೀನು, ನೀರಿನ ಮೇಲ್ಪದರದಲ್ಲಿ ಬಾಯಿ ತೆರೆದುಕೊಂಡು ತಿನ್ನುತ್ತದೆ. "ಸಾಹೇಬ್ರು ಮ್ಯಾಲಿಂದ ಮ್ಯಾಲ ತಿಂತಾರ್ರಿ. ಮೃಗಾಲ ಅಂತ ಮೀನ ಐತಲ್ಲ, ತಳದಾಗ ಬಿದ್ದದ್ದ ಆರಿಸಿ ತಿನ್ನೂದು, ಅದು ನಾವು."

"ಮತ್ತೆ ನಾನು?"

"ನೀವು ರೋಹು. ನಡುವ. ಮ್ಯಾಲಿನವ್ರ ಕಡೆ ಒಂದ ಕಣ್ಣ, ಕೆಳಗಿನವ್ರ ಮ್ಯಾಲ ಒಂದ ಕಣ್ಣ."

ಈ ಕೊನೆಯ ಮಾತು ಡೈರಿಯಲ್ಲಿಲ್ಲ. ಅವರು ಅಂದಿದ್ದರೋ, ಆಮೇಲೆ ನನಗೇ ಅನ್ನಿಸಿದ್ದನ್ನು ಅವರ ಬಾಯಿಗೆ ಹಾಕಿದೆನೋ ಹೇಳಲಾರೆ.

ಅವರನ್ನು ಅನುಮಾನಿಸಲು ನನಗೆ ಕಾರಣಗಳೂ ಇದ್ದವು. ಡಬ್ಬಿ ತಂದುಕೊಡುತ್ತಿದ್ದ ಆ ಸೋದರಳಿಯ ನದಿಯಲ್ಲಿ ಕರೆಂಟಿನ ಪೆಟ್ಟಿಗೆ ಹೊರುವವನು. ಅದನ್ನು ಮಾಮಾನೇ ಹೇಳಿದರು, ಮುಚ್ಚಿಡಲಿಲ್ಲ. ತಾನೂ ಒಂದು ಬೇಸಿಗೆ ಹೊತ್ತಿದ್ದೆ ಎಂದೂ ಹೇಳಿದರು.

"ಯಾಕೆ ಬಿಟ್ಟಿರಿ?"

"ಸಣ್ಣು ಮಗುಚತಾವಲ್ರಿ, ಅದನ್ನ ನೋಡಾಕ ಆಗಲಿಲ್ಲ. ಮತ್ತ ಈಜಿ ಹೋಗತಾವು, ಖರೆ. ಹೋದದ್ದು ಏನಾತು ಅಂತ ಗೊತ್ತಾಗೂದಿಲ್ಲ."

ಆ ಮರಿಗಳಿಗೆ ಏನಾಗುತ್ತದೆ ಎಂಬ ಬಗ್ಗೆ ಅವರಿಗೆ ಅವರದೇ ಒಂದು ಮಾತಿತ್ತು: "ಕರೆಂಟ ತಗೊಂಡ ಮರಿ ಸಾಯೂದಿಲ್ರಿ, ಮರೀತೈತಿ. ಉಣ್ಣೂದ ಮರೀತೈತಿ." ನಾನು ಅದನ್ನು ಬರೆದುಕೊಂಡು ಪಕ್ಕದಲ್ಲಿ ಪ್ರಶ್ನೆಯ ಚಿಹ್ನೆ ಹಾಕಿದೆ. ವಿಜ್ಞಾನ ಕಲಿತವಳಿಗೆ ಗಾದೆಯಂಥ ಮಾತುಗಳು ಹಿಡಿಸುತ್ತಿರಲಿಲ್ಲ.

ಅಳೆದು ಮುಗಿದ ಕೂಡಲೆ ಪ್ರತಿ ಶನಿವಾರ ಅವರು ಕೇಳುತ್ತಿದ್ದರು. "ಯಾವು ಮುಂದ ಅದಾವ್ರಿ ಬಾಯಾರ?" ನಾನು ಹೇಳುತ್ತಿರಲಿಲ್ಲ. ಅಳೆಯುವವರಿಗೆ ಫಲಿತಾಂಶ ಗೊತ್ತಾಗಬಾರದು ಎಂಬುದು ನಿಯಮ, ಅದು ಸರಿಯೇ. ಆದರೆ ನಾನು ಹೇಳದಿದ್ದುದು ಬರೀ ನಿಯಮಕ್ಕಲ್ಲ. ಇವರಿಗ್ಯಾಕೆ ಇಷ್ಟು ಆತುರ, ಅಳಿಯನ ಪೆಟ್ಟಿಗೆಯಿಂದ ಏನೂ ಕೆಡುಕಿಲ್ಲ ಎಂದು ತೋರಿಸಬೇಕಾಗಿದೆಯೇ ಎಂದು ನನ್ನ ಲೆಕ್ಕ ಓಡುತ್ತಿತ್ತು.

ಎರಡನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಅವರು ಕರೆಂಟ್ ತೊಟ್ಟಿಯ ಕಟ್ಟೆಯ ಮೇಲೆ ಕೂತು ಏನನ್ನೋ ಚಿಟಿಕೆ ಚಿಟಿಕೆಯಾಗಿ ನೀರಿಗೆ ಉದುರಿಸುತ್ತಿದ್ದುದನ್ನು ಕಂಡೆ. ಮೇವು ಹಾಕುವ ಹೊತ್ತು ಬೆಳಿಗ್ಗೆಯೇ ಮುಗಿದಿತ್ತು.

"ಏನದು ಮಾಮಾ?"

"ಮುಂಜಾನಿ ಮೇವಿನಾಗಿಂದ ಇಟಗೊಂಡಿದ್ನಿರಿ. ಇವು ತಡಾ ಮಾಡಿ ಮ್ಯಾಲ ಬರತಾವು. ಒಮ್ಮೆಲೆ ಹಾಕಿದ್ರ ತಳಕ್ಕ ಹೋಗಿ ಕೊಳೀತೈತಿ."

"ಅಷ್ಟೇ ತೂಕವಾ, ಜಾಸ್ತಿಯಾ?"

"ಅಷ್ಟ ರೀ. ನಿಮ್ಮ ತಕ್ಕಡಿಯಾಗ ತೂಗಿದ್ದ."

ಹಾಗೆ ಎರಡು ಹೊತ್ತು ಹಾಕಬಾರದು ಎಂದು ಗದರಿದೆ. ಅವರು ಕೈ ಝಾಡಿಸಿ ಎದ್ದರು. ಅವರ ಮಾತು ನಿಜವೋ, ಅಥವಾ ಹಿಂಡಿ ಹೆಚ್ಚು ಹಾಕಿ ಆ ಮರಿಗಳನ್ನು ಕೊಬ್ಬಿಸುತ್ತಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರು ತಪ್ಪೇ ಮಾಡದ ಮನುಷ್ಯ ಎಂದು ನಾನು ಬರೆಯುತ್ತಿಲ್ಲ.

ಮೂರು ತಿಂಗಳು ತುಂಬಿದಾಗ ಎರಡೂ ತೊಟ್ಟಿಯ ಲೆಕ್ಕವನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಕೂತೆ. ಎರಡೂ ತೊಟ್ಟಿಯ ಮರಿಗಳು ಹೆಚ್ಚುಕಡಿಮೆ ಸಮನಾಗಿ ಬೆಳೆದಿದ್ದವು. ಆದರೆ ಗೆಳತಿಯ ಕಾಲಂನಲ್ಲಿ ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಇಂಚು ನಾಲ್ಕೂ ಇದ್ದರೆ, ನನ್ನ ಕಾಲಂನಲ್ಲಿ ಮುಕ್ಕಾಲು ಎಂಬುದು ಒಂದೇ ಒಂದು ಸಲವೂ ಇರಲಿಲ್ಲ. ಪುಟ ತಿರುವಿದೆ. ಮೊದಲ ಶನಿವಾರದಿಂದಲೂ ಇರಲಿಲ್ಲ. ಕಾಲಿನ ಗೆರೆಗೆ ಬೀಳುವ ಮೀನುಗಳು ಎಷ್ಟೋ ಇದ್ದವು, ಮುಕ್ಕಾಲಿನ ಗೆರೆಗೆ ಒಂದು ಮರಿಯೂ ಬಿದ್ದಿರಲಿಲ್ಲ.

ಜೀವಂತ ಮೀನು ಹಾಗೆ ಬೆಳೆಯುವುದಿಲ್ಲ. ಯಾರೋ ಬಾಯಿಗೆ ಬಂದ ಅಂಕಿ ಹೇಳುವಾಗ ಮಾತ್ರ ಹೀಗೆ ಒಂದು ಗೆರೆ ಮರೆತುಹೋಗುತ್ತದೆ. ಸಾದಾ ತೊಟ್ಟಿಗೆ ಸರಿಯಾಗಿ ಅಳೆದು ಹೇಳುವ ಮನುಷ್ಯ ಕರೆಂಟ್ ತೊಟ್ಟಿಗೆ ಬಂದಾಗ ಕಟ್ಟಿ ಹೇಳುತ್ತಿದ್ದಾನೆ. ಡೈರಿಯಲ್ಲಿ ಆ ದಿನದ ಬರಹ ಎರಡು ಪುಟ ಇದೆ. ಓದಿದರೆ ಈಗ ಮುಜುಗರವಾಗುವುದು ಅದರಲ್ಲಿನ ಸಂತೋಷಕ್ಕೆ. ಕಳ್ಳನನ್ನು ಹಿಡಿದ ಸಂತೋಷ.

ಗೆಳತಿ ಆ ವಾರ ರಜೆಯಲ್ಲಿದ್ದಳು. ನಾನು ನೇರ ಮುಖ್ಯಸ್ಥರ ಹತ್ತಿರ ಹೋದೆ. ಅವರು ಮಾಮಾನನ್ನು ಕರೆಸಿದರು. ಮಾಮಾ ಚಪ್ಪಲಿ ಹೊರಗೆ ಬಿಟ್ಟು ಬಂದು ನಿಂತರು.

"ಮಾಮಾ, ಕರೆಂಟ್ ತೊಟ್ಟಿ ಲೆಕ್ಕದಾಗ ಮುಕ್ಕಾಲು ಒಂದೂ ಇಲ್ಲಲ್ಲ. ಹೆಂಗಿದು?" ಎಂದರು ಮುಖ್ಯಸ್ಥರು.

"ಮೀನ ಎಷ್ಟ ಐತೋ ಅಷ್ಟ ಹೇಳೀನ್ರಿ ಸಾಹೇಬ್ರ."

"ನಿಮ್ಮ ಅಳಿಯಾ ಪೆಟ್ಟಿಗಿ ಹೊರತಾನಂತ, ಹೌದಿಲ್ಲೊ?"

"ಹೌದ್ರಿ. ಅದಕ್ಕೂ ಇದಕ್ಕೂ ಏನ ಸಂಬಂಧ್ರಿ?"

ಮುಖ್ಯಸ್ಥರು ನನ್ನ ಕಡೆ ನೋಡಿದರು. ನಾನು ಕೇಳಿದೆ: "ಮಾಮಾ, ಒಂದೇ ಮಾತು ಹೇಳಿ. ಈ ಮೂರು ತಿಂಗಳಲ್ಲಿ ನನಗೆ ಒಂದು ಸಲವಾದರೂ ಮುಕ್ಕಾಲು ಅಂತ ಹೇಳಿದ್ದೀರಾ?"

ಅವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಯೋಚಿಸಿದರು. ಪ್ರಾಮಾಣಿಕವಾಗಿ ನೆನಪಿಸಿಕೊಳ್ಳುತ್ತಿದ್ದರು ಎಂದು ಈಗ ಗೊತ್ತಾಗುತ್ತದೆ. ಆಗ, ಸಿಕ್ಕಿಬಿದ್ದ ಮನುಷ್ಯ ದಾರಿ ಹುಡುಕುತ್ತಿದ್ದಾನೆ ಎನ್ನಿಸಿತ್ತು.

"ಇಲ್ರಿ ಬಾಯಾರ," ಎಂದರು. "ಮುಕ್ಕಾಲು ಅಂತ ನಾ ಅಂದಿಲ್ಲ."

ಅಷ್ಟೇ. ತಪ್ಪೊಪ್ಪಿಗೆ ಸಿಕ್ಕಿತು ಎಂದು ನಾವಿಬ್ಬರೂ ತಿಳಿದೆವು. ಮರುದಿನದಿಂದ ಅವರಿಗೆ ಗೇಟಿನ ಕೆಲಸ. ಹೊರಡುವಾಗ ಅವರು ಕೇಳಿದ್ದು ಒಂದೇ: "ಇನ್ನ ನಾಕ ಶನಿವಾರ ಅದಾವಲ್ರಿ. ನಾ ಮುಟ್ಟೂದಿಲ್ಲ. ದೂರ ನಿಂತ ನೋಡಲ್ಯಾ?" ಬೇಡ ಎಂದವರು ಮುಖ್ಯಸ್ಥರೋ ನಾನೋ, ಡೈರಿ ಹೇಳುವುದಿಲ್ಲ. ನನ್ನ ನೆನಪು ಮುಖ್ಯಸ್ಥರು ಎನ್ನುತ್ತದೆ. ನನ್ನ ನೆನಪಿಗೆ ಅದರಿಂದ ಲಾಭವಿದೆ.

ಮುಂದಿನ ಶನಿವಾರ ನಾನೇ ಹಲಗೆ ಹಿಡಿದೆ. ಆ ದಿನ ಮೀನುಗಳು ಗಿಡ್ಡವಾದವು. ಹಿಂದಿನ ವಾರಕ್ಕಿಂತ ಕರೆಂಟ್ ತೊಟ್ಟಿಯ ಮರಿಗಳ ಸರಾಸರಿ ಉದ್ದ ಕಡಿಮೆ ಬಂತು. ಮೀನು ಬೆಳೆಯದೆ ಇರಬಹುದು, ಕುಗ್ಗುವುದಿಲ್ಲ. ಇಷ್ಟು ದಿನ ಅವರು ಏರಿಸಿ ಹೇಳುತ್ತಿದ್ದರು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಮುಕ್ಕಾಲಿನ ಗೆರೆಗೂ ಅವತ್ತು ಮೀನು ಬಿದ್ದವು. ನನ್ನ ಅನುಮಾನ ಕಲ್ಲಿನಂತೆ ಗಟ್ಟಿಯಾಯಿತು.

ನಾಲ್ಕೂ ಶನಿವಾರ ಮುಗಿದ ಮೇಲೆ, ಹಾಗಾದರೆ ಹಳೆಯ ಅಂಕಿಗಳನ್ನು ಬಿಡೋಣವೇ ಎಂದು ಮುಖ್ಯಸ್ಥರನ್ನು ಕೇಳಿದೆ. ವರದಿ ಕಳಿಸುವ ಗಡುವು ಹತ್ತಿರವಿತ್ತು. "ಮೂರ ತಿಂಗಳದ್ದು ಬಿಟ್ಟರ ಉಳಿಯೂದ ಏನು? ಇರಲಿ ಬಿಡು. ಕಡೀ ನಾಕ ವಾರದ್ದ ಬಿಟ್ಟಬಿಡು, ಅದ ಹೊಂದೂದಿಲ್ಲ" ಎಂದರು. ಅಂದರೆ ಮನುಷ್ಯ ಸುಳ್ಳ, ಅವನ ಅಂಕಿ ಖರೆ. 'ಎರಡು ತೊಟ್ಟಿಗಳ ನಡುವೆ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ' ಎಂದು ವರದಿ ಹೋಯಿತು. ಕೆಳಗೆ ನನ್ನ ಸಹಿಯೂ ಇತ್ತು.

ಅದಾಗಿ ಹದಿನೈದು ದಿನಕ್ಕೆ ಒಂದು ಸಂದರ್ಶನಕ್ಕೆಂದು ಅಥಣಿಗೆ ಹೋಗಿದ್ದೆ. ಮುಗಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದು ಚಿಕ್ಕೋಡಿಯ ಬಸ್ಸು ಎಷ್ಟಕ್ಕೆ ಎಂದು ಕೇಳಿದೆ. "ಪಾವಣೆ ಎರಡಕ್ಕ ಐತ್ರಿ" ಎಂದರು ಕಂಟ್ರೋಲರ್. ಎರಡೂಕಾಲಿಗೆ ಅಲ್ಲವೇ, ಹೊತ್ತಿದೆ ಎಂದು ಹೊರಗೆ ಊಟ ಮಾಡಿ ಎರಡು ಗಂಟೆಗೆ ಬಂದೆ. ಬಸ್ಸು ಹೋಗಿತ್ತು.

"ಎರಡೂಕಾಲು ಅಂದಿರಲ್ಲ" ಎಂದು ಜಗಳಕ್ಕೆ ನಿಂತೆ.

"ಎಲ್ಲಿ ಅಂದೀನ್ರಿ? ಪಾವಣೆ ಎರಡ ಅಂದೀನಿ."

"ಪಾವ್ ಅಂದರೆ ಕಾಲು ತಾನೇ? ಪಾವ್ ಕಿಲೋ ಅಂತೀರಲ್ಲ?"

ಬೆಂಚಿನ ಮೇಲೆ ಮೂಟೆ ಇಟ್ಟುಕೊಂಡು ಕೂತಿದ್ದ ಒಬ್ಬ ಮುದುಕಿ, ಕೊಕಟನೂರಿನ ಬಸ್ಸಿಗೆ ಕಾಯುತ್ತಿದ್ದವಳು, ನಗತೊಡಗಿದಳು. "ಪಾವ ಅಂದ್ರ ಕಾಲು ಖರೆ, ತಂಗಿ. ಪಾವಣೆ ಅಂದ್ರ ಕಾಲು ಕಮ್ಮಿ. ಪಾವಣೆ ಎರಡಂದ್ರ ಒಂದೂ ಮುಕ್ಕಾಲು. ನೀ ಯಾವ ಊರಾಕಿ?"

ಪಾವಣೆ ನಾಕು ಎಂದರೆ ಮೂರೂಮುಕ್ಕಾಲು. ನಾನು ಪ್ರತಿ ಸಲವೂ ನಾಲ್ಕೂಕಾಲು ಎಂದು ಬರೆದಿದ್ದೆ. ಅವರು ಮುಕ್ಕಾಲು ಅನ್ನುತ್ತಲೇ ಇರಲಿಲ್ಲ, ಏಕೆಂದರೆ ಅವರ ಬಾಯಲ್ಲಿ ಅದಕ್ಕೆ ಬೇರೆ ಮಾತಿತ್ತು. ಹಾಗೆ ಹೇಳಿದಾಗಲೆಲ್ಲ ನಾನು ಮರಿಯನ್ನು ಅರ್ಧ ಇಂಚು ಉದ್ದ ಮಾಡಿದ್ದೆ.

ಇಲ್ಲಿ ನನ್ನ ನೆನಪು ಒಂದು ದೃಶ್ಯ ಕಟ್ಟಿಕೊಟ್ಟಿದೆ. ನಾನು ಆ ಬೆಂಚಿನ ಮೇಲೆ ಕುಸಿದು ಕೂರುತ್ತೇನೆ, ಮುದುಕಿ ನೀರಿನ ಬಾಟಲಿ ಕೊಡುತ್ತಾಳೆ. ನಂಬಬೇಡಿ. ಡೈರಿಯಲ್ಲಿ ಆ ದಿನದ್ದು ಇಷ್ಟೇ: 'ಬಸ್ಸು ತಪ್ಪಿತು. ಕೆಲಸ ಸಿಗುವುದು ಅನುಮಾನ.' ಮೀನಿನ ಸುದ್ದಿಯಿಲ್ಲ, ಮಾಮಾನ ಸುದ್ದಿಯಿಲ್ಲ. ಆ ಹೊತ್ತಿಗೆ ನನಗೆ ಹೊಳೆದಿರಲೇ ಇಲ್ಲ, ಈಗ ಸಂಚಿಕೆಗೆ ಬರೆಯಲು ಕೂತಾಗಲೇ ಹೊಳೆದದ್ದು ಎಂದು ಹೇಳಿ ಪಾರಾಗಬಹುದಿತ್ತು. ಗೆಳತಿಗೆ ಮೊದಲು ಹಾಗೆಯೇ ಹೇಳಿದೆ.

ಆದರೆ ರಿಜಿಸ್ಟರು ನನ್ನ ಬಳಿಯೇ ಉಳಿದಿದೆ. ಮೊನ್ನೆ ಅದನ್ನು ಬಿಚ್ಚಿದೆ. ಅವರು ಪಾವಣೆ ಎಂದಾಗಲೆಲ್ಲ ನಾನು ಅಂಕಿಯ ಮುಂದೆ 'ಪಾ' ಎಂದು ಬರೆದುಕೊಳ್ಳುತ್ತಿದ್ದೆ. ನನ್ನ ಕಾಲಂನಲ್ಲಿ ಆ 'ಪಾ' ಇರುವ ಅಂಕಿಗಳ ಪಕ್ಕದಲ್ಲೆಲ್ಲ ಸಣ್ಣ ಪೆನ್ಸಿಲ್ ಗುರುತು ಇದೆ. ಗುರುತು ನನ್ನದೇ, ಯಾವುದನ್ನಾದರೂ ತಿದ್ದಬೇಕೆಂದು ಹೊರಟಾಗ ನಾನು ಹಾಕುವಂಥದ್ದು. ಎಂದು ಹಾಕಿದೆ ಎಂಬುದು ನೆನಪಿಲ್ಲ. ಯಾಕೆ ತಿದ್ದದೆ ಬಿಟ್ಟೆ ಎಂಬುದೂ ಇಲ್ಲ. ಅಥಣಿಯ ಕೆಲಸ ಸಿಗಲಿಲ್ಲ, ಆ ತಿಂಗಳ ಕೊನೆಗೆ ತುಮಕೂರಿನಲ್ಲಿ ಸಿಕ್ಕಿತು, ಹೊರಟುಬಂದೆ. ಹೊರಡುವ ದಿನ ಗೇಟಿನಲ್ಲಿ ಮಾಮಾ ನನ್ನ ಟ್ರಂಕನ್ನು ಆಟೋಗೆ ಎತ್ತಿಟ್ಟರು. ಆಗ ನನಗೆ ಗೊತ್ತಿತ್ತೇ? ಪೆನ್ಸಿಲ್ ಗುರುತುಗಳು ಗೊತ್ತಿತ್ತು ಎನ್ನುತ್ತವೆ. ನಾನು ಅವನ್ನು ನಂಬುತ್ತೇನೆ.

ಗೆಳತಿಗೆ ಮತ್ತೆ ಫೋನ್ ಮಾಡಿ ಎಲ್ಲ ಹೇಳಿದೆ.

"ನಮ್ಮ ಮನ್ಯಾಗ ಪಾವಣೆ ಅಂದ್ರ ಸಣ್ಣ ಕೂಸಿಗೂ ಗೊತ್ತಾಗತೈತಿ. ನನ್ನ ಒಂದ ಮಾತ ಕೇಳಬೇಕಿತ್ತಲ್ಲ ನೀ?"

"ಗೊತ್ತಿಲ್ಲ ಅಂತ ಗೊತ್ತಿದ್ದರೆ ತಾನೇ ಕೇಳೋದು?"

"ಈಗ ಏನ ಮಾಡತಿ?"

ಅವಳಿಗೆ ಓದಿ ಹೇಳುತ್ತ ಆ ಗುರುತಿನ ಅಂಕಿಗಳನ್ನೆಲ್ಲ ತಿದ್ದಿದೆ. ತಿದ್ದಿದ ಮೇಲೆ, ಎರಡನೆಯ ವಾರದಿಂದ ಕೊನೆಯ ವಾರದವರೆಗೂ ಕರೆಂಟ್ ತೊಟ್ಟಿಯ ಮರಿಗಳು ಹಿಂದೆಯೇ ಇದ್ದವು. ನಾವು ಬಿಟ್ಟುಹಾಕಿದ ಕೊನೆಯ ನಾಲ್ಕು ವಾರಗಳೂ ಅದಕ್ಕೆ ಸರಿಯಾಗಿ ಹೊಂದಿಕೊಂಡವು. ಎರಡು ತೊಟ್ಟಿಯಿಂದ ಒಂದು ನದಿಯ ಬಗ್ಗೆ ಹೇಳಲಾಗದು, ಹೊತ್ತು ತಪ್ಪಿ ಹಾಕಿದ ಆ ಮೇವಿನ ಅನುಮಾನ ಬೇರೆ ಇದೆ. ಇದೇ ಸತ್ಯ ಎಂದು ನಾನು ಸಾರುತ್ತಿಲ್ಲ. ಆದರೆ ಮಾಮಾ ಕೂಗಿದ್ದು ಏನು ಎಂಬುದರಲ್ಲಿ ನನಗೆ ಈಗ ಅನುಮಾನವಿಲ್ಲ.

"ಇದನ್ನ ಸಂಚಿಕ್ಯಾಗ ಹಾಕಾಕ ಬರೂದಿಲ್ಲ" ಎಂದಳು ಗೆಳತಿ. "ಸತ್ತವರ ನೆನಪಿಗೆ ಪುಸ್ತಕ ತರಾಕತ್ತೀವಿ, ಕೋರ್ಟ ನಡಸಾಕತ್ತಿಲ್ಲ. ಮಾಮಾ ಭಾಳ ಪ್ರೀತಿ ಮನಷ್ಯಾ ಇದ್ದ ಅಂತ ಬರಿ, ಸಾಕು."

ನಾನು ಇಡೀ ಕಥೆಯನ್ನು ಕೈಯಿಂದಲೇ ಎಂಟು ಹಾಳೆ ಬರೆದೆ. ಸಂಚಿಕೆಗೆ ಕೊಡುವ ಮೊದಲು ಅವರ ಮನೆಯವರಿಗೆ ಓದಿ ಹೇಳಬೇಕೆಂದು ರಜೆ ಹಾಕಿ ಹೊರಟೆ. ಚಿಕ್ಕೋಡಿಯಲ್ಲಿ ಇಳಿದು, ಯಡೂರಿನ ಬಸ್ಸು ಹಿಡಿದು, ಅಲ್ಲಿಂದ ಕಬ್ಬಿನ ನಡುವಿನ ದಾರಿಯಲ್ಲಿ ಒಂದು ಟಂಟಂ ಆಟೋದಲ್ಲಿ ಅವರ ಊರು ಸೇರುವಾಗ ಹನ್ನೊಂದು ಗಂಟೆ. ಮಾಮಾನ ಹೆಂಡತಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ಸೋದರಳಿಯ ಒಳಗಿನಿಂದ ಬಂದ. ನಾನು ಯಾರೆಂದು ಹೇಳಿದೆ. ಹೇಳುವ ಮೊದಲೇ ಅವನಿಗೆ ಗೊತ್ತಾಗಿತ್ತು.

"ಸುಳ್ಳ ಅಂದಾಕಿ ಬಾಯಾರ ನೀವ ಅಲ್ರಿ?" ಎಂದ. ಮಾತಿನಲ್ಲಿ ಸಿಟ್ಟಿರಲಿಲ್ಲ, ಗುರುತು ಹಿಡಿದದ್ದು ಅಷ್ಟೇ.

ಹೌದು ಎಂದೆ. ಪಾವಣೆಯ ಕಥೆ ಹೇಳಿದೆ. ಮಾಮಾ ಸರಿಯಾಗೇ ಹೇಳಿದ್ದರು, ತಪ್ಪು ಬರೆದವಳು ನಾನು, ಕರೆಂಟ್ ತಾಗಿದ ಮರಿಗಳು ಹಿಂದೆ ಬಿದ್ದಿದ್ದವು ಎಂದೆ. ಅವನು ಕೇಳುತ್ತಾ ಕೇಳುತ್ತಾ ಕಟ್ಟೆಯ ಮೇಲೆ ಕೂತ.

"ಒಂದ ಮಾತ ಹೇಳ್ತೀನಿ ಕೇಳ್ರಿ. ನಿಮ್ಮ ಕಾಲೇಜಿಗೆ ಹೋಗೂ ಮುಂದ ಮಾಮಾ ನನ್ನ ಕೂಡ ಕರಾರ ಮಾಡಿದ್ದ. ತೊಟ್ಟಿಯಾಗಿನ ಮೀನ ಹೇಳಲಿ, ಕರೆಂಟ ತಗೊಂಡ ಸಣ್ಣು ಬೆಳಿಲಿಲ್ಲಂದ್ರ ನೀ ಪೆಟ್ಟಿಗಿ ಬಿಡಬೇಕು, ಬೆಳದ್ವು ಅಂದ್ರ ನಾ ಇನ್ನ ಆ ಮಾತ ಎತ್ತೂದಿಲ್ಲ ಅಂತ. ನಾ ಹೂಂ ಅಂದಿದ್ನಿ. ಆಣಿ ಮಾಡಿದ್ನಿ."

ಹಾಗಾದರೆ ಆ ಮರಿಗಳು ಬೆಳೆಯದೆ ಇರಲಿ ಎಂದು ಬಯಸಿದವರು ಅವರು. ನಾನು ಲೆಕ್ಕ ಹಾಕಿದ್ದು ಇದಕ್ಕೆ ಪೂರ್ತಿ ಉಲ್ಟಾ.

"ಆಮೇಲೆ?"

"ಆಮ್ಯಾಲೇನು. ಗೇಟಿಗೆ ಕುಂಡ್ರಿಸಿದ ದಿನಾ ಸಂಜಿಗೆ ಬಂದ. 'ನಾ ಸುಳ್ಳ ಹೇಳೀನಂತ ಕಲತವರು ನಿಕ್ಕಿ ಮಾಡ್ಯಾರ. ಇನ್ನ ನಾ ಏನ ಹೇಳಿದ್ರೂ ನಡಿಯೂದಿಲ್ಲ. ನಿನ್ನ ಆಣಿ ನಿನಗ ಬಿಟ್ಟೀನಿ, ಏನರ ಮಾಡಕೊ' ಅಂದ. ಮುಂದ ಸಾಯೂತನಕ ಪೆಟ್ಟಿಗಿ ಸುದ್ದಿ ತಗೀಲಿಲ್ಲ."

"ನೀವು ಈಗಲೂ ಪೆಟ್ಟಿಗೆ ಹೊರುತ್ತೀರಾ?" ಎಂದು ಕೇಳಿದೆ. ಕೇಳಬಾರದಿತ್ತು.

ಅವನು ನನ್ನ ಕೈಚೀಲದಿಂದ ಇಣುಕುತ್ತಿದ್ದ ಹಾಳೆಗಳನ್ನು ನೋಡಿದ. "ಯಾಕ್ರಿ? ಬರಕೊಳ್ಳಾಕ?"

ಇಲ್ಲ, ಇದು ಬರೆದಾಗಿದೆ, ಓದಿ ಹೇಳುತ್ತೇನೆ ಎಂದೆ. ಹಾಳೆ ತೆಗೆದು ಓದತೊಡಗಿದೆ. ಮುಕ್ಕಾಲು ಅಂದಿದ್ದೀರಾ ಎಂದು ನಾನು ಕೇಳುವ ಜಾಗಕ್ಕೆ ಬಂದಾಗ ಮಾಮಾನ ಹೆಂಡತಿ ಮೊರ ಕೆಳಗಿಟ್ಟರು. ಅವರು ಸುಳ್ಳು ಹೇಳಲಿಲ್ಲ ಎಂದು ಬರೆದ ಸಾಲು ಬಂದಾಗ ಕೈ ಎತ್ತಿ ತಡೆದರು.

"ಅದ ಅಲ್ಲಿ ಹಂಗ ಬರದದ?"

"ಹೌದಮ್ಮ. ಇಲ್ಲೇ ಇದೆ, ನೋಡಿ."

"ನನಗ ಓದಾಕ ಬರೂದಿಲ್ಲ."

ಅಳಿಯನ ಕಡೆ ಹಾಳೆ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ. "ನಾ ಮರಾಠಿ ಸಾಳ್ಯಾಗ ಕಲತಾಂವ್ರಿ. ಕನ್ನಡ ಮಾತಾಡಾಕ ಬರತೈತಿ, ಓದಾಕ ಬರೂದಿಲ್ಲ."

ಮಾಮಾನ ಹೆಂಡತಿ ನನ್ನನ್ನೇ ನೋಡುತ್ತಿದ್ದರು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಕೈ ಚಾಚಿದರು.

"ಇಲ್ಲೇ ಇಟ್ಟ ಹೋಗ್ರಿ ಬಾಯಾರ. ನಾವು ಬ್ಯಾರೆಯವರ ಕಡಿಂದ ಓದಸತೀವಿ."

ಎಂಟೂ ಹಾಳೆ ಕೊಟ್ಟೆ. ಅವರು ಅವನ್ನು ಒಳಗೆ ಒಯ್ದು ಎಲ್ಲಿಟ್ಟರೋ ಕಾಣಲಿಲ್ಲ. ನಕಲು ನನ್ನ ಬಳಿ ಇರಲಿಲ್ಲ. ಇದು ತುಮಕೂರಿಗೆ ಬಂದು ಎರಡನೆಯ ಸಲ, ನೆನಪಿನಿಂದ ಬರೆದದ್ದು. ಆ ಊರಿನಲ್ಲಿರುವುದಕ್ಕೂ ಇದಕ್ಕೂ ಎಲ್ಲಾದರೂ ವ್ಯತ್ಯಾಸ ಕಂಡರೆ, ಅಲ್ಲಿರುವುದನ್ನು ನಂಬಬೇಕು.